ಓದುಗರ ಪ್ರಶ್ನೆ: ಚಿನ್ನದ ಗಣಿಯೊಳಗೆ ಇಳಿದರೆ

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ, ನಾನು ಚಿನ್ನದ ಗಣಿಯಲ್ಲಿ 26 ವರ್ಷ ಇಳಿದು ಹತ್ತಿದವನು ಅಂತ ಒಂದು ಸಾಲು ಬರೆದಿದ್ದೆ. ಬರೆದದ್ದು ಬೋರ್‌ವೆಲ್ ಬಗ್ಗೆ, ಬಂದ ಪತ್ರಗಳೆಲ್ಲ ಗಣಿ ಬಗ್ಗೆ. ಸರಿ, ಈ ತಿಂಗಳು ಪೂರ್ತಿ ಅದೇ ಇರಲಿ. ಉದ್ದದ ಪತ್ರಗಳನ್ನು ಕತ್ತರಿಸಿದ್ದೇನೆ, ಬೇಜಾರಾಗಬೇಡಿ.

ಸಿನಿಮಾಗಳಲ್ಲಿ ಗುದ್ದಲಿಯಲ್ಲಿ ಗೋಡೆ ಅಗೆದರೆ ಹಳದಿ ಚಿನ್ನ ಉದುರುತ್ತದೆ. ನಿಜಕ್ಕೂ ಹೀಗೇನಾ? ಕೆಳಗಿರೋದು ಒಂದೇ ದೊಡ್ಡ ಸುರಂಗವಾ? (ತೀರ್ಥಹಳ್ಳಿಯ ಓದುಗರು)

ಅಷ್ಟು ವರ್ಷದಲ್ಲಿ ಕಲ್ಲಿನ ಮೇಲೆ ಕಣ್ಣಿಗೆ ಕಾಣುವ ಚಿನ್ನ ನೋಡಿದ್ದು ಬೆರಳೆಣಿಕೆಯಷ್ಟು ಸಲ. ನೋಡಿದಾಗಲೂ ಸೂಜಿ ಮೊನೆಯಷ್ಟು. ಅದೂ ಅಲ್ಲದೆ ಆ ಬಂಡೆಗೆ ಗುದ್ದಲಿ ಹಾಕಿದರೆ ಮುರಿಯೋದು ಗುದ್ದಲಿ.

ಒಂದು ಹೋಳಿಗೆ ನೆನಪಿಸಿಕೊಳ್ಳಿ. ನಡುವೆ ತೆಳ್ಳಗೆ ಹೂರಣ, ಎರಡೂ ಕಡೆ ಕಣಕ. ಆ ಹೋಳಿಗೆಯನ್ನು ಸ್ವಲ್ಪ ವಾಲಿಸಿ ನೆಲದೊಳಗೆ ನಿಲ್ಲಿಸಿ, ಉದ್ದ ಕೆಲವು ಕಿಲೋಮೀಟರ್, ಆಳ ಇನ್ನೊಂದಿಷ್ಟು ಕಿಲೋಮೀಟರ್ ಮಾಡಿ. ಹೂರಣ ಇದೆಯಲ್ಲ, ಅದು ಚಿನ್ನ ಇರುವ ಬಿಳಿಗಲ್ಲಿನ ಪಟ್ಟಿ, ಕ್ವಾರ್ಟ್ಸ್. ಗಣಿಯವರು ಅದಕ್ಕೆ ರೀಫ್ ಅನ್ನುತ್ತಾರೆ. ಕೋಲಾರದ ಹೆಸರುವಾಸಿ ಚಾಂಪಿಯನ್ ರೀಫ್ ಕೂಡ ಬಹಳ ಕಡೆ ಒಂದು ಮೀಟರ್ ಆಸುಪಾಸು ದಪ್ಪ ಅಷ್ಟೇ. ಕಣಕವನ್ನು ಆದಷ್ಟು ಮುಟ್ಟದೆ ಹೂರಣ ಮಾತ್ರ ತೆಗೆಯಬೇಕು. ಕೆಲಸ ಅಂದ್ರೆ ಇಷ್ಟೇ. ಇಷ್ಟಕ್ಕೇ ಕೋಲಾರದಲ್ಲಿ 120 ವರ್ಷ ಹಿಡಿಯಿತು.

ಮೊದಲು ಒಂದು ಶಾಫ್ಟ್ ತೋಡುತ್ತಾರೆ, ಬಾವಿ ಥರ ನೇರ ಕೆಳಗೆ. ಅದನ್ನು ರೀಫ್ ಮೇಲೆ ತೋಡುವುದಿಲ್ಲ. ರೀಫ್ ವಾಲಿಕೊಂಡಿರುವಾಗ ಅದರ ಕೆಳಬದಿಯ ಗಟ್ಟಿ ಬಂಡೆಯಲ್ಲಿ, ದೂರ ಬಿಟ್ಟು ತೋಡುತ್ತಾರೆ. ನಾಳೆ ರೀಫ್ ಖಾಲಿ ಮಾಡಿದಾಗ ಸುತ್ತಲಿನ ಕಲ್ಲು ಅಲುಗಾಡುತ್ತೆ, ಮನೆಯ ಮೆಟ್ಟಿಲೇ ಕುಸಿದರೆ ಮೇಲಿದ್ದವರ ಗತಿ? ಶಾಫ್ಟ್‌ನಿಂದ ಸುಮಾರು 30 ಮೀಟರ್‌ಗೊಂದರಂತೆ ರೀಫ್ ಕಡೆಗೆ ಅಡ್ಡ ದಾರಿ ಕೊರೆಯುತ್ತಾರೆ. ಅದು ಕ್ರಾಸ್‌ಕಟ್. ರೀಫ್ ಸಿಕ್ಕ ಮೇಲೆ ಅದರ ಉದ್ದಕ್ಕೆ ತಿರುಗಿದರೆ ಡ್ರೈವ್. ಹೀಗೆ ಒಂದೊಂದು ಮಹಡಿಗೂ ಲೆವೆಲ್ ಅಂತ ಹೆಸರು. ಒಂದು ಲೆವೆಲ್‌ನಿಂದ ಮೇಲಿನ ಲೆವೆಲ್‌ಗೆ ಚಿಮಣಿ ಥರ ಕೊರೆದರೆ ರೈಸ್, ಮೇಲಿಂದ ಕೆಳಕ್ಕೆ ಕೊರೆದರೆ ವಿಂಜ್. ಈಗ ರೀಫ್ ಚೌಕ ಚೌಕವಾಗಿ ಭಾಗ ಆಯಿತು, ಅಲ್ವಾ? ಆ ಚೌಕಗಳನ್ನು ಒಂದೊಂದಾಗಿ ಖಾಲಿ ಮಾಡೋದೇ ಸ್ಟೋಪಿಂಗ್. ಚಿನ್ನ ಬರೋದು ಸ್ಟೋಪ್‌ನಿಂದ. ಮಿಕ್ಕ ಶಾಫ್ಟ್, ಕ್ರಾಸ್‌ಕಟ್, ರೈಸ್ ಎಲ್ಲ ಬರೀ ಖರ್ಚು.

ಕೋಲಾರದಲ್ಲಿ ಆರಂಭದ ವರ್ಷಗಳಲ್ಲಿ ಟನ್ ಕಲ್ಲಿಗೆ 40 ಗ್ರಾಂಗೂ ಜಾಸ್ತಿ ಸಿಗುತ್ತಿತ್ತು, ಕೊನೆಗೆ 3 ಗ್ರಾಂ ಹತ್ತಿರ ಬಂತು. ಒಂದು ಟನ್ ಕಲ್ಲು ಅಂದ್ರೆ ಹೆಚ್ಚುಕಡಿಮೆ 70 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ದಿಂಡು. ಅದರಲ್ಲಿರುವ 3 ಗ್ರಾಂ ಚಿನ್ನವನ್ನೆಲ್ಲ ಒಟ್ಟುಗೂಡಿಸಿ ಉಂಡೆ ಕಟ್ಟಿದರೆ ಒಂದು ಕಡಲೆಕಾಳಿನಷ್ಟು. ಆ ಕಾಳೂ ಒಂದೇ ಕಡೆ ಕೂತಿರೋದಿಲ್ಲ, ಧೂಳಿನ ಹಾಗೆ ಹರಡಿರುತ್ತೆ. ಅದಕ್ಕೇ ಮೇಲೆ ತಂದ ಕಲ್ಲನ್ನು ಹಿಟ್ಟು ಮಾಡಿ, ಸಯನೈಡ್ ನೀರಿನಲ್ಲಿ ಕರಗಿಸಿ ಚಿನ್ನ ಬೇರೆ ಮಾಡೋದು.

ನಮ್ಮ ಊರ ಹತ್ತಿರ ಕ್ವಾರಿ ಇದೆ, ದಿನಾ ಸಿಡಿಮದ್ದಿನ ಸದ್ದು. ಗಣಿಯೊಳಗೆ ಇದೇ ಥರ ಸಿಡಿಸಿದರೆ ಒಳಗಿದ್ದವರ ಗತಿ ಏನು? (ಚಿಕ್ಕಬಳ್ಳಾಪುರದ ಓದುಗರು)

ಒಳ್ಳೆ ಪ್ರಶ್ನೆ. ಕ್ವಾರಿಯಲ್ಲಿ ಕಲ್ಲಿಗೆ ಹಾರೋಕೆ ಜಾಗ ಇರುತ್ತೆ, ಒಂದು ಪಕ್ಕ ಬಯಲು. ಸುರಂಗದ ಕೊನೆಯಲ್ಲಿ ನಿಂತರೆ ಎದುರಿಗೆ ಒಂದು ಮೋಟು ಗೋಡೆ ಮಾತ್ರ. ಅದಕ್ಕೆ ಫೇಸ್ ಅನ್ನುತ್ತೇವೆ. ಸುಮ್ನೆ ತೂತು ಹೊಡೆದು ಮದ್ದು ತುಂಬಿ ಸಿಡಿಸಿದರೆ ಕಲ್ಲು ಹೋಗೋದಾದರೂ ಎಲ್ಲಿಗೆ? ಕೋವಿಯಿಂದ ಹಾರಿದ ಹಾಗೆ ತೂತಿನ ಬಾಯಿಂದ ಬೆಂಕಿ ಹೊರಬರುತ್ತೆ, ಬಂಡೆ ಹಾಗೇ ನಿಂತಿರುತ್ತೆ.

ಅದಕ್ಕೆ ಮೊದಲು ಜಾಗ ಮಾಡಬೇಕು. ಫೇಸಿನ ನಡುವೆ ಹತ್ತಿರ ಹತ್ತಿರ ಕೆಲವು ತೂತು ಕೊರೆಯುತ್ತೇವೆ. ಅದರಲ್ಲಿ ಒಂದೆರಡಕ್ಕೆ ಮದ್ದೇ ತುಂಬುವುದಿಲ್ಲ, ಖಾಲಿ ಬಿಡುತ್ತೇವೆ. ಇದು ಕಟ್. ಮೊದಲು ಸಿಡಿಯೋದು ಖಾಲಿ ತೂತಿನ ಪಕ್ಕದ್ದು. ಕಲ್ಲು ಆ ಖಾಲಿ ತೂತಿನೊಳಕ್ಕೆ ಒಡೆದುಕೊಳ್ಳುತ್ತೆ, ಒಂದು ಚಿಕ್ಕ ಗುಂಡಿ ಆಗುತ್ತೆ, ಅದರ ಸುತ್ತಿನ ತೂತು ಸಿಡಿದಾಗ ಆ ಗುಂಡಿ ಅಗಲ ಆಗುತ್ತೆ, ಹೀಗೆ ಒಳಗಿನಿಂದ ಹೊರಗೆ ಹೂವು ಅರಳಿದ ಹಾಗೆ ಹೋಗಿ ಕಟ್ಟಕಡೆಗೆ ನೆಲದ ಸಾಲಿನ ತೂತುಗಳು ಸಿಡಿದು ಎಲ್ಲವನ್ನೂ ಸ್ವಲ್ಪ ಎತ್ತಿ ಹಾಕುತ್ತವೆ. ಇಷ್ಟೂ ಕೆಲವೇ ಸೆಕೆಂಡಿನ ಆಟ. ಪ್ರತಿ ತೂತಿನ ಡಿಟೋನೇಟರ್‌ಗೆ ಬೇರೆ ಬೇರೆ ತಡ ಕೊಟ್ಟಿರುತ್ತಾರೆ. ದೂರದಲ್ಲಿ ನಿಂತು ಸದ್ದು ಎಣಿಸುವ ಹಳೆ ಬ್ಲಾಸ್ಟರ್‌ಗಳಿದ್ದರು. ಲೆಕ್ಕ ಒಂದು ಕಡಿಮೆಯಾದರೆ ಅವರ ಮುಖವೇ ಹೇಳುತ್ತಿತ್ತು. ಸಿಡಿಯದೆ ಉಳಿದ ಮದ್ದು ಒಳಗಿದೆ, ನಾಳೆ ಬರುವ ಡ್ರಿಲ್ಲರ್ ಅದರ ಮೇಲೇ ಕೊರೆದರೆ ಕಥೆ ಮುಗಿಯಿತು. ಹಳೆ ತೂತಿನ ಬುಡಕ್ಕೆ ಮತ್ತೆ ಡ್ರಿಲ್ ಇಡಬಾರದು ಅನ್ನೋದು ನಾವು ಮೊದಲ ದಿನ ಕಲಿಯುವ ಪಾಠ.

ಒಳಗಿದ್ದವರ ಗತಿ ಕೇಳಿದಿರಿ. ಸಿಡಿಸೋದು ಪಾಳಿ ಮುಗಿಯುವ ಹೊತ್ತಿಗೆ, ಎಲ್ಲರನ್ನೂ ಆಚೆ ಕಳಿಸಿ. ಆಮೇಲೆ ಹೊಗೆ ಹೋಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಕೆಡವುತ್ತೆ.

ಹೊಗೆ ಹೋಯಿತು ಅಂತ ನುಗ್ಗುವ ಹಾಗೂ ಇಲ್ಲ. ಮೊದಲು ಒಬ್ಬ ಉದ್ದನೆ ಕಬ್ಬಿಣದ ಸಲಾಕೆ ಹಿಡಿದು, ಗಟ್ಟಿಯಾದ ಮಾಡಿನ (ತಲೆ ಮೇಲಿನ ಕಲ್ಲಿನ) ಕೆಳಗೆ ನಿಂತು, ಮುಂದಿನ ಮಾಡನ್ನು ತಟ್ಟುತ್ತಾ ಹೋಗಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡ್ತೀವಲ್ಲ, ಅದೇ. ಠಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಹಿಂದೆ ಬಿರುಕು ಬಿಟ್ಟಿದೆ, ಕೆಡವು. ನಾನು ಸೇರಿದ ಮೊದಲ ವರ್ಷ ಒಂದು ಕಡೆ ತಟ್ಟಿ, ಠಣ್ ಅಂತು ಅಂತ ಮುಂದೆ ಹೋದೆ. ನನ್ನ ಮೇಟ್, ಅಂದ್ರೆ ನಮ್ಮ ಗುಂಪಿನ ಮೇಸ್ತ್ರಿ, ಮಾತಾಡದೆ ನನ್ನ ಬೆಲ್ಟ್ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಎಳೆದ. ಅವನೇ ಸಲಾಕೆ ತಗೊಂಡು ಒಂದು ಗೇಣು ಆಚೆ ತಟ್ಟಿದ. ಡಬ್. ಮೂಲೆಗೆ ಸಲಾಕೆ ತೂರಿಸಿ ಮೀಟಿದ, ಅಡುಗೆಮನೆ ಬಾಗಿಲಿನಷ್ಟು ದೊಡ್ಡ ಚಪ್ಪಡಿ ಬಿತ್ತು, ನಾನು ನಿಂತಿದ್ದ ಜಾಗಕ್ಕೇ. ಅವನು ಎಲೆ ಅಡಿಕೆ ಉಗಿದು, "ಒಂದು ಸಲ ತಟ್ಟಿದರೆ ಸಾಕಾ?" ಅಂದ, ಅಷ್ಟೇ. ಇವತ್ತಿಗೂ ಹೊಸ ಮನೆಗೆ ಹೋದರೆ ಗೋಡೆ ತಟ್ಟುವ ಚಟ ಬಿಟ್ಟಿಲ್ಲ.

ಲಿಫ್ಟ್‌ನಲ್ಲಿ 3 ಕಿಲೋಮೀಟರ್ ಇಳಿಯುತ್ತಾರೆ ಅಂತ ಓದಿದೆ. ಹಗ್ಗ ಕಿತ್ತುಹೋದರೆ? (ಹುಬ್ಬಳ್ಳಿಯ ಓದುಗರು)

ಕಿತ್ತುಹೋಗದ ಹಾಗೆ ನೋಡಿಕೊಳ್ಳೋದಕ್ಕೇ ಜನ ಇರುತ್ತಾರೆ. ಉಕ್ಕಿನ ಹಗ್ಗವನ್ನು ಪದೇ ಪದೇ ಪರೀಕ್ಷೆ ಮಾಡುತ್ತಾರೆ, ತುದಿ ಕತ್ತರಿಸಿ ಎಳೆದು ನೋಡುತ್ತಾರೆ. ನಿಜವಾದ ತಲೆನೋವು ಬೇರೆ. ಹಗ್ಗ ಉದ್ದ ಆದಷ್ಟೂ ಅದರ ತೂಕವೇ ಜಾಸ್ತಿ ಆಗುತ್ತೆ. ಒಂದು ಹಂತ ದಾಟಿದರೆ ಹಗ್ಗಕ್ಕೆ ತನ್ನನ್ನು ತಾನು ಹೊರೋದೇ ಕೆಲಸ, ಜನರನ್ನು ಹೊರೋಕೆ ಶಕ್ತಿ ಉಳಿಯೋದಿಲ್ಲ. ಅದಕ್ಕೇ ಕೋಲಾರದ ಚಾಂಪಿಯನ್ ರೀಫ್ ಹೆಸರಿನ ಗಣಿಯಲ್ಲಿ, ಅದು 3 ಕಿಲೋಮೀಟರ್‌ಗೂ ಆಳ, ಒಂದೇ ಉಸಿರಿಗೆ ತಳ ಮುಟ್ಟೋಕೆ ಆಗ್ತಿರಲಿಲ್ಲ. ಒಂದು ಕೇಜ್ ಇಳಿದು, ಒಳಗೇ ನಡೆದು, ಒಳಗೇ ತೋಡಿದ ಇನ್ನೊಂದು ಶಾಫ್ಟ್‌ನಲ್ಲಿ ಇನ್ನೊಂದು ಕೇಜ್ ಹತ್ತಬೇಕು. ಬಸ್ ಬದಲಾಯಿಸಿದ ಹಾಗೆ.

ಕೇಜ್ ಅಂದ್ರೆ ಕಬ್ಬಿಣದ ಪಂಜರ, ಜನಕ್ಕೆ. ಕಲ್ಲಿಗೆ ಬೇರೆ ಬಕೆಟ್, ಅದು ಸ್ಕಿಪ್. ಎರಡನ್ನೂ ಎಳೆಯೋದು ಮೇಲಿನ ವೈಂಡರ್ ಯಂತ್ರ. ಅದನ್ನು ನಡೆಸುವವನಿಗೆ ಕೆಳಗಿರೋದು ಏನೂ ಕಾಣಿಸೋದಿಲ್ಲ, ಗಂಟೆ ಸದ್ದಷ್ಟೇ. ಓಡುತ್ತಿರುವಾಗ ಒಂದು ಗಂಟೆ ಅಂದ್ರೆ ನಿಲ್ಲಿಸು. ನಮ್ಮೆಲ್ಲರ ಜೀವ ಆ ಗಂಟೆಯ ಲೆಕ್ಕದಲ್ಲಿ.

ಇನ್ನೊಂದು ಪದ್ಧತಿ ಇದೆ, ತುಂಬ ಸಾದಾ. ಇಳಿಯುವ ಮೊದಲು ಲ್ಯಾಂಪ್ ರೂಮಿನಲ್ಲಿ ತಲೆಗೆ ಕಟ್ಟುವ ದೀಪ ತಗೊಂಡು, ನಂಬರ್ ಇರುವ ಬಿಲ್ಲೆ ಕೊಡಬೇಕು. ಪಾಳಿ ಮುಗಿದಾಗ ಹಲಗೆಯಲ್ಲಿ ಬಿಲ್ಲೆ ಉಳಿದಿದ್ದರೆ ಒಬ್ಬ ಕೆಳಗಿದ್ದಾನೆ ಅಂತ ಅರ್ಥ. ನಮ್ಮಲ್ಲೊಬ್ಬ ದೀಪ ವಾಪಸ್ ಕೊಡದೆ ಹಾಗೇ ಮನೆಗೆ ಹೋಗಿ ಮಲಗಿದ್ದ. ಇಡೀ ರಾತ್ರಿ ಕೆಳಗೆ ಹುಡುಕಿದೆವು. ಬೆಳಿಗ್ಗೆ ಅವನು ಹಲ್ಲುಜ್ಜುತ್ತಾ ಸಿಕ್ಕ. ಅವನಿಗೆ ಬಿದ್ದ ಬೈಗುಳ ಇಲ್ಲಿ ಅಚ್ಚು ಹಾಕೋಕೆ ಆಗೋದಿಲ್ಲ.

ಗುಹೆ, ನೆಲಮಾಳಿಗೆ ಎಲ್ಲ ತಂಪಾಗಿರುತ್ತೆ. ಗಣಿಯಲ್ಲಿ ಸೆಖೆ ಅಂತಾರಲ್ಲ, ಯಾಕೆ? (ಬಳ್ಳಾರಿಯ ಓದುಗರು)

ಬಳ್ಳಾರಿಯವರು ಸೆಖೆ ಬಗ್ಗೆ ಕೇಳ್ತೀರಲ್ಲ! ನೆಲದ ಮೇಲ್ಭಾಗದ ಹತ್ತಿಪ್ಪತ್ತು ಮೀಟರ್ ಮಾತ್ರ ತಂಪು. ಕೆಳಗೆ ಹೋದಂತೆ ಬಂಡೆಯೇ ಬಿಸಿ. ಚಾಂಪಿಯನ್ ರೀಫ್ ತಳದಲ್ಲಿ ಕಲ್ಲಿನ ಶಾಖ 60 ಡಿಗ್ರಿ ದಾಟಿತ್ತು. ಅದರ ಜೊತೆ ಇನ್ನೊಂದು ತಮಾಷೆ: ಕೆಳಗೆ ಕಳಿಸುವ ಗಾಳಿಯೂ ಇಳಿಯುತ್ತಾ ಇಳಿಯುತ್ತಾ ಬಿಸಿಯಾಗುತ್ತೆ. ಸೈಕಲ್ ಪಂಪ್ ಹೊಡೆದಾಗ ಬುಡ ಬಿಸಿಯಾಗುತ್ತಲ್ಲ, ಅದೇ ಕಾರಣ, ಗಾಳಿ ಒತ್ತಿಕೊಳ್ಳುತ್ತೆ. ಒಣಗಾಳಿಯಾದರೆ 100 ಮೀಟರ್‌ಗೆ ಸುಮಾರು 1 ಡಿಗ್ರಿ. ಧೂಳು ಏಳದಿರಲಿ ಅಂತ ಡ್ರಿಲ್ ಮಾಡುವಾಗ ನೀರು ಬಿಡುತ್ತೇವೆ, ಆ ನೀರು ಆವಿಯಾಗಿ ಇಡೀ ಜಾಗ ಇಡ್ಲಿ ಪಾತ್ರೆ. ನೀರು ಬಿಡದೆ ಇರೋ ಹಾಗೂ ಇಲ್ಲ. ಕ್ವಾರ್ಟ್ಸ್ ಧೂಳು ಎದೆಗೆ ಹೋದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಬರೀ ಒಣ ಡ್ರಿಲ್ ಹೊಡೆದ ಹಳೇ ಕಾಲದವರು ಎಷ್ಟು ಜನ ಕೆಮ್ಮಿ ಕೆಮ್ಮಿ ಹೋದರೋ.

ಹಾಗಾಗಿ ಗಣಿ ಅಂದ್ರೆ ಅರ್ಧ ಗಾಳಿಯ ಕೆಲಸ. ಒಂದು ಶಾಫ್ಟ್‌ನಿಂದ ಗಾಳಿ ಇಳಿಯಬೇಕು, ಎಲ್ಲ ಲೆವೆಲ್ ಸುತ್ತಿ ಇನ್ನೊಂದರಿಂದ ಹೊರಗೆ ಹೋಗಬೇಕು. ನಡುವೆ ಯಾರೋ ಒಂದು ಬಾಗಿಲು ತೆರೆದಿಟ್ಟು ಹೋದರೆ ಗಾಳಿ ಅಡ್ಡದಾರಿ ಹಿಡಿಯುತ್ತೆ, ಅರ್ಧ ಗಂಟೆಯಲ್ಲಿ ದೂರದ ಸ್ಟೋಪ್‌ನಲ್ಲಿದ್ದವನು ಬೆವರಿ ಬಯ್ಯಲು ಶುರು ಮಾಡುತ್ತಾನೆ. ಚಾಂಪಿಯನ್ ರೀಫ್‌ನಲ್ಲಿ ಗಾಳಿ ತಂಪು ಮಾಡುವ ಯಂತ್ರವನ್ನೇ ಕೂರಿಸಿದ್ದರು. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಗಣಿ ಹತ್ತಿರ ಹತ್ತಿರ 4 ಕಿಲೋಮೀಟರ್ ಆಳ, ಅಲ್ಲಿ ಮಂಜುಗಡ್ಡೆಯ ಗಂಜಿ ಮಾಡಿ ಪೈಪಿನಲ್ಲಿ ಕೆಳಗೆ ಇಳಿಸುತ್ತಾರೆ. ಇದಕ್ಕೆಲ್ಲ ಕರೆಂಟ್ ಬೇಕಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ, ಸುಮಾರು 150 ಕಿಲೋಮೀಟರ್ ತಂತಿ ಎಳೆದು ಮೊದಲು ಹೋಗಿದ್ದು ಬೆಂಗಳೂರಿಗಲ್ಲ, ಕೋಲಾರದ ಗಣಿಗೆ. ಬೆಂಗಳೂರಿಗೆ ಬಂದಿದ್ದು ಆಮೇಲೆ.

ತಲೆ ಮೇಲೆ ಅಷ್ಟು ಬಂಡೆ ಇದ್ದರೂ ಕುಸಿಯದೆ ನಿಲ್ಲೋದು ಹೇಗೆ? ಕಂಬ ಕೊಡ್ತಾರಾ? (ಮೈಸೂರಿನ ಪಿಯುಸಿ ವಿದ್ಯಾರ್ಥಿ)

ನನ್ನನ್ನು ಕೇಳಿದರೆ ಈ ಕಸುಬಿನ ಜೀವಾಳ ಇದೇ. ಕಲ್ಲು ಒಡೆಯೋದು ದೊಡ್ಡ ವಿಷಯ ಅಲ್ಲ, ಒಡೆದ ಮೇಲೆ ಉಳಿಯುವ ಖಾಲಿ ಜಾಗ ಇದೆಯಲ್ಲ, ಅದನ್ನು ಕಾಯೋದು ಕಷ್ಟ. ಲೆಕ್ಕ ಹಾಕಿ: ಒಂದು ಘನ ಮೀಟರ್ ಬಂಡೆ ಸುಮಾರು 2.7 ಟನ್. 3 ಕಿಲೋಮೀಟರ್ ಕೆಳಗೆ ಒಂದು ಚದರ ಮೀಟರ್ ಜಾಗದ ಮೇಲೆ 8 ಸಾವಿರ ಟನ್‌ಗೂ ಜಾಸ್ತಿ. ಯಾವ ಕಂಬ ತಡೆಯುತ್ತೆ ಹೇಳಿ? ತಡೆಯೋದು ಬಂಡೆಯೇ. ನೀವು ತೂತು ಮಾಡಿದಾಗ ಆ ಭಾರ ಮಾಯ ಆಗೋದಿಲ್ಲ, ಕಲ್ಲು ಅಡ್ಡ ಬಂದಾಗ ಹೊಳೆ ನೀರು ಪಕ್ಕಕ್ಕೆ ಸರಿಯುವ ಹಾಗೆ ಸುತ್ತಲಿನ ಬಂಡೆಗೆ ಸರಿಯುತ್ತೆ. ತೂತಿನ ಅಂಚಿನಲ್ಲಿ ಭಾರ ಎಲ್ಲಕ್ಕಿಂತ ಜಾಸ್ತಿ. ನಮ್ಮ ಕೆಲಸ ಆ ಅಂಚನ್ನು ಬಿಗಿಯಾಗಿ ಹಿಡಿದಿಡೋದು. ಅದಕ್ಕೆ ಬಂಡೆಗೆ ತೂತು ಕೊರೆದು ಉಕ್ಕಿನ ಬೋಲ್ಟ್ ಹಾಕುತ್ತೇವೆ, ಅಲ್ಲಲ್ಲಿ ರೀಫ್ ತೆಗೆಯದೆ ಕಂಬದ ಥರ ಬಿಡುತ್ತೇವೆ, ಖಾಲಿಯಾದ ಸ್ಟೋಪ್ ತುಂಬಿಸುತ್ತೇವೆ. ಕೋಲಾರದಲ್ಲಿ ಸ್ಟೋಪ್ ಒಳಗೆ ಗ್ರಾನೈಟ್ ಕಲ್ಲಿನಲ್ಲಿ ಗೋಡೆ ಕಟ್ಟುತ್ತಿದ್ದರು. ಮೇಲಿನಿಂದ ಗ್ರಾನೈಟ್ ಕೆಳಕ್ಕೆ ಕಳಿಸಿ, ಕೆಳಗಿನಿಂದ ಚಿನ್ನದ ಕಲ್ಲು ಮೇಲಕ್ಕೆ!

ಇಷ್ಟು ಮಾಡಿದರೂ ಗಟ್ಟಿ ಬಂಡೆಗೆ ಒಂದು ಕೆಟ್ಟ ಗುಣ. ಮೆದು ಕಲ್ಲು ಮೊದಲೇ ಬಗ್ಗುತ್ತೆ, ಕಿರುಗುಟ್ಟುತ್ತೆ, ಸೂಚನೆ ಕೊಡುತ್ತೆ. ಗಟ್ಟಿ ಕಲ್ಲು ಎಲ್ಲವನ್ನೂ ನುಂಗಿಕೊಂಡು ಕೂತು ಒಂದು ದಿನ ಬಾಂಬಿನ ಹಾಗೆ ಸಿಡಿಯುತ್ತೆ. ಅದು ರಾಕ್‌ಬರ್ಸ್ಟ್, ಹಳಬರ ಬಾಯಲ್ಲಿ ಏರ್‌ಬ್ಲಾಸ್ಟ್. ಕೋಲಾರದಲ್ಲಿ ದೊಡ್ಡದೊಂದು ಆದರೆ ಮೇಲಿನ ಊರಲ್ಲೂ ಮನೆ ಅಲುಗುತ್ತಿತ್ತು, ಪಾತ್ರೆ ಬೀಳುತ್ತಿತ್ತು. ಹೆಂಗಸರು ಹಾಗೇ ಶಾಫ್ಟ್ ಕಡೆ ಓಡುತ್ತಿದ್ದರಂತೆ, ಯಾರ ಗಂಡ ಯಾವ ಪಾಳಿ ಅಂತ ಬಾಯಿಪಾಠ. ಈ ಕಾಟ ಅಧ್ಯಯನ ಮಾಡಿದ ಅನುಭವದಿಂದಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು.

ಒಡೆದ ಕಲ್ಲನ್ನೇ ವಾಪಸ್ ತುಂಬಬಾರದಾ ಅಂತಲೂ ಕೇಳಿದ್ದೀರಿ. ತುಂಬುತ್ತಾರೆ, ಆದರೆ ಪೂರ್ತಿ ಹಿಡಿಸೋದಿಲ್ಲ. ಗಟ್ಟಿ ಬಂಡೆ ಒಡೆದರೆ ಒಂದೂವರೆ ಪಟ್ಟು ಉಬ್ಬುತ್ತೆ. ಕೋಲಾರದಲ್ಲಿ ಹಿಟ್ಟಾಗಿ ಮೇಲೆ ಉಳಿದ ಮಣ್ಣು 3 ಕೋಟಿ ಟನ್‌ಗೂ ಹೆಚ್ಚು. ರೈಲಿನಲ್ಲಿ ಹೋಗುವಾಗ ಕಾಣುವ ಆ ಬೋಳು ದಿಣ್ಣೆಗಳು, ಸಯನೈಡ್ ಡಂಪ್ ಅನ್ನೋದು, ಅದೇ.

ನಮ್ಮ ಅಜ್ಜ ಹಟ್ಟಿಯಲ್ಲಿ ಅಶೋಕನ ಕಾಲದ ಗಣಿ ಇದೆ ಅಂತಿದ್ದರು. ಕಟ್ಟುಕಥೆನಾ? (ಸಿಂಧನೂರಿನ ಓದುಗರು)

ಅಜ್ಜನ ಮಾತು ತಳ್ಳಿಹಾಕಬೇಡಿ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಿನವರು ಗಣಿ ಮಾಡಿದಾಗ, 600 ಅಡಿ ಆಸುಪಾಸಿನವರೆಗೂ ಹಳಬರು ಅಗೆದ ಜಾಗ ಸಿಕ್ಕಿತು. ಒಳಗಿದ್ದ ಮರದ ತುಂಡುಗಳು ಸುಮಾರು 2 ಸಾವಿರ ವರ್ಷ ಹಳೆಯವು. ಮದ್ದಿಲ್ಲ, ಡ್ರಿಲ್ ಇಲ್ಲ. ಬಂಡೆಗೆ ಆನಿಸಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಿದ್ದರು, ಕಾದು ಬಿರುಕು ಬಿಟ್ಟ ಕಲ್ಲನ್ನು ಉಳಿಯಲ್ಲಿ ಎಬ್ಬಿಸುತ್ತಿದ್ದರು. ಆ ಹೊಗೆಯಲ್ಲಿ, ಫ್ಯಾನ್ ಇಲ್ಲದೆ, 600 ಅಡಿ! ನನಗೆ ಈಗಲೂ ನಂಬೋಕೆ ಕಷ್ಟ. ಇನ್ನೊಂದು ವಿಷಯ: ಅಲ್ಲೇ ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಮೊದಲು ಕಂಡವನೂ ಬೀಡನ್ ಅನ್ನುವ ಒಬ್ಬ ಚಿನ್ನದ ಗಣಿ ಎಂಜಿನಿಯರ್. ಹಟ್ಟಿ ಗಣಿ ಇವತ್ತಿಗೂ ನಡೆಯುತ್ತಿದೆ, ದೇಶದಲ್ಲಿ ಗಣಿಯಿಂದ ತೆಗೆಯುವ ಚಿನ್ನದ ಬಹುಪಾಲು ಅಲ್ಲಿಯದೇ.

ಮೈನಿಂಗ್ ಓದಬೇಕು ಅಂತಿದ್ದೇನೆ, ಹುಡುಗಿಯರನ್ನು ಕೆಳಗೆ ಬಿಡೋದಿಲ್ಲ ಅಂತ ಮನೆಯಲ್ಲಿ ಹೇಳ್ತಾರೆ. (ಹೊಸಪೇಟೆಯ ವಿದ್ಯಾರ್ಥಿನಿ)

1952ರ ಗಣಿ ಕಾಯ್ದೆ ಬಿಡುತ್ತಿರಲಿಲ್ಲ. 2019ರಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆ ಕೆಲಸಗಳಿಗೆ ಹೆಂಗಸರೂ ಇಳಿಯಬಹುದು ಅಂತ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಮನೆಯವರಿಗೆ ಈ ಪುಟ ತೋರಿಸಿ. ಮಂಡಿ ಗಟ್ಟಿ ಇರಲಿ, ಏಣಿ ಜಾಸ್ತಿ.

ಫಿಸಿಕ್ಸ್ ಮೇಷ್ಟ್ರು ಕೆಜಿಎಫ್‌ನಲ್ಲಿ ನ್ಯೂಟ್ರಿನೊ ಸಿಕ್ಕಿತು ಅಂದರು. ಚಿನ್ನದ ಜೊತೆನಾ? (ಹಾಸನ)

ಚಿನ್ನಕ್ಕೂ ಅದಕ್ಕೂ ಸಂಬಂಧ ಇಲ್ಲ. ನ್ಯೂಟ್ರಿನೊ ಅಂದ್ರೆ ಬಂಡೆಯನ್ನೂ ಸಲೀಸಾಗಿ ದಾಟಿಹೋಗುವ ತೀರಾ ಚಿಕ್ಕ ಕಣ. ಆಕಾಶದಿಂದ ಬರುವ ಬೇರೆ ಕಣಗಳ ಗಲಾಟೆ ಇಲ್ಲದ ಜಾಗ ವಿಜ್ಞಾನಿಗಳಿಗೆ ಬೇಕಿತ್ತು. 2 ಕಿಲೋಮೀಟರ್‌ಗೂ ಜಾಸ್ತಿ ಬಂಡೆ ಅಡ್ಡ ಇದ್ದರೆ ಮಿಕ್ಕಿದ್ದೆಲ್ಲ ಸೋಸಿಹೋಗುತ್ತೆ, ನ್ಯೂಟ್ರಿನೊ ಮಾತ್ರ ದಾಟಿ ಬರುತ್ತೆ. ಮುಂಬೈಯ ಟಾಟಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ 1965ರಲ್ಲಿ ಅಲ್ಲಿ ಅದರ ಗುರುತು ಹಿಡಿದರು. ಬೇರೆಯವರ ಖರ್ಚಲ್ಲಿ ತೋಡಿದ ಗುಂಡಿ, ಎಷ್ಟು ಅನುಕೂಲ ನೋಡಿ.

ಕೋಲಾರದ ಗಣಿ ಒಳಗೆ ಈಗ ಹೇಗಿದೆ? ಮತ್ತೆ ತೆರೆದರೆ ಇಳಿಯಬಹುದಾ? (ಬಂಗಾರಪೇಟೆಯ ಓದುಗರು)

2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಜನ ಮೇಲೆ ಬಂದರು, ಆಮೇಲೆ ಪಂಪ್ ನಿಂತಿತು. ಗಣಿಯಲ್ಲಿ ನೀರು ದಿನಾ ಜಿನುಗುತ್ತೆ, ಅದನ್ನು ಲೆವೆಲ್‌ನಿಂದ ಲೆವೆಲ್‌ಗೆ ತೊಟ್ಟಿ ಕಟ್ಟಿ, ಮೆಟ್ಟಿಲು ಹತ್ತಿಸಿದ ಹಾಗೆ ಮೇಲಕ್ಕೆ ತಳ್ಳುತ್ತಿದ್ದರು, ಹಬ್ಬಕ್ಕೂ ಬಿಡುವಿಲ್ಲ. ಒಂದು ಕಡೆ ನಿಂತರೆ ಕೆಳಗಿನ ಲೆವೆಲ್ ಮುಳುಗಲು ಶುರು. ಈಗ ಆ ಡ್ರೈವ್, ಆ ಸ್ಟೋಪ್, ಕಟ್ಟಿದ ಗ್ರಾನೈಟ್ ಗೋಡೆ, ಹಳಿ, ಕೆಳಗೇ ಉಳಿದ ಟ್ರಾಲಿ ಎಲ್ಲ ನೀರಿನೊಳಗೆ. ಮತ್ತೆ ತೆರೀತೀವಿ ಅಂತ ಚುನಾವಣೆಗೊಮ್ಮೆ ಮಾತು ಬರುತ್ತೆ. ಹಳೆ ಆಳದ ಜಾಗಕ್ಕೆ ಇಳಿಯಬೇಕಾದರೆ ಮೊದಲು ಆ ನೀರು ಎತ್ತಬೇಕು. ಎತ್ತುತ್ತಾ ಹೋದ ಹಾಗೆ ಪ್ರತಿ ಲೆವೆಲ್‌ನಲ್ಲೂ ಒಬ್ಬ ಸಲಾಕೆ ಹಿಡಿದು, ಗಟ್ಟಿ ಮಾಡಿನ ಕೆಳಗೆ ನಿಂತು, ಮುಂದಿನದನ್ನು ತಟ್ಟಬೇಕು. ಎರಡು ಸಲ.